ಕುರುಳು, ಕಬ್ಬಿಣ ಮತ್ತು ಬ್ರಿಡ್ಜ್‌ವಾಟರ್

ಕಳೆದ ಬಾರಿ ನಮ್ಮ ಕೂಟ ಬ್ರಿಡ್ಜ್‌ವಾಟರಿನ ಸದಸ್ಯರೊಬ್ಬರ ಮನೆಯಲ್ಲಿ ಸೇರಿತ್ತು. ಓದಿಗೆ ಇಟ್ಟುಕೊಂಡಿದ್ದು ರನ್ನನ ಗದಾಯುದ್ಧ. ಉಪ್ಪಿಟ್ಟು-ಕೇಸರಿಭಾತು ಮುಗಿದು, ದುರ್ಯೋಧನ ವೈಶಂಪಾಯನ ಸರೋವರದಿಂದ ಎದ್ದು ಬಂದು, ಮಾತು ದ್ರೌಪದಿಯ ಬಿಚ್ಚಿದ ಮುಡಿಯ ಕಡೆ ತಿರುಗುವ ಹೊತ್ತಿಗೆ ಸರಿಯಾಗಿ ಮಹಡಿಯಿಂದ ಕೂದಲು ಸುಟ್ಟ ವಾಸನೆ ಇಳಿದು ಬಂತು. ಕಾವ್ಯದ ಪ್ರಭಾವ ಇಷ್ಟು ಜೋರಾಗಿರಲಾರದು ಎಂದು ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಮನೆಯೊಡತಿ ಮೆಟ್ಟಿಲ ಬುಡಕ್ಕೆ ಓಡಿ "ಏನೇ ಅದು ವಾಸನೆ?" ಎಂದು ಕೂಗಿದರು. "ಏನಿಲ್ಲ ಅಮ್ಮಾ!" ಎಂದು ಉತ್ತರ ಬಂತು. ಏನೂ ಇಲ್ಲದಿದ್ದರೆ ಇಷ್ಟು ಬೇಗ ಉತ್ತರ ಬರುವುದಿಲ್ಲ ಎಂಬುದು ಮಕ್ಕಳನ್ನು ಬೆಳೆಸಿದವರಿಗೆಲ್ಲ ಗೊತ್ತು.

ಆದದ್ದಿಷ್ಟು. ಕಾಲೇಜಿನಲ್ಲಿ ಓದುತ್ತಿರುವ ಮಗಳಿಗೆ ಆ ವಾರ ಮೊದಲ ಇಂಟರ್ನ್‌ಶಿಪ್ಪಿನ ಸಂದರ್ಶನ. ಅವಳದು ತಾತನಿಂದ ಬಂದ ಗುಂಗುರು ಕೂದಲು. ಬಾಚಣಿಗೆಯ ಹಲ್ಲು ಮುರಿಯುವ ಜಾತಿಯದು. ನೇರ ಕೂದಲಿದ್ದರೆ 'ಪ್ರೊಫೆಷನಲ್' ಆಗಿ ಕಾಣುತ್ತದೆ ಎಂದು ಯಾರೋ ಗೆಳತಿಯರು ಹೇಳಿದ್ದರಂತೆ. ಅದಕ್ಕೆಂದು ಕೂದಲನ್ನು ನೇರವೂ ಮಾಡುವ, ಬೇಕೆಂದಾಗ ಸುರುಳಿಯೂ ಮಾಡುವ ಒಂದು ಇಕ್ಕಳವನ್ನು ತರಿಸಿಕೊಂಡಿದ್ದಳು. ಶಾಖದ ಗುಂಡಿಯನ್ನು ಕೊನೆಯ ಅಂಕಿಗೆ ತಿರುಗಿಸಿ, ಇನ್ನೂ ಒದ್ದೆಯಾಗಿದ್ದ ಕೂದಲಿಗೆ ಹಿಡಿದಿದ್ದಾಳೆ. ಊರಿಂದ ಬಂದಿದ್ದ ಅಜ್ಜಿ, ಹಾಸನದ ಕಡೆಯವರು, ಸುಟ್ಟ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿ, "ನಿಮ್ಮ ತಾತನ ಕೂದಲು ಕಣೇ ಇದು. ಗೊಮ್ಮಟನ ತಲೆ ನೋಡಿಲ್ವಾ ನೀನು?" ಎಂದರು.

ಅಜ್ಜಿಯ ಆ ಮಾತು ನಮ್ಮ ತಲೆಯಲ್ಲಿ ಉಳಿಯಿತು. ಅಂದಿನ ಗದಾಯುದ್ಧ ಅರ್ಧಕ್ಕೆ ನಿಂತಿತು. ಉಳಿದ ಸಂಜೆಯೆಲ್ಲ ಇಕ್ಕಳದ್ದೇ ಚರ್ಚೆ. ಯಾವುದನ್ನು ಕೊಳ್ಳಬೇಕು, ಯಾವುದು ಸುಡುವುದಿಲ್ಲ, ಕೊಳ್ಳಲೇಬೇಕೇ ಎಂದೆಲ್ಲ. ಆಮೇಲೆ ಮೂರು ವಾರ ನಾವು ಕೆದಕಿ ತೆಗೆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅಜ್ಜಿ ಹೇಳಿದ್ದು ನಿಜ. ಶ್ರವಣಬೆಳಗೊಳದಲ್ಲಿ 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ, ಸುಮಾರು 58 ಅಡಿ ಎತ್ತರದ ಬಾಹುಬಲಿಯ ತಲೆಯ ತುಂಬ ಇರುವುದು ಸಾಲುಸಾಲು ಸಣ್ಣ ಗುಂಗುರು. ಕನ್ನಡನಾಡಿನ ಅತ್ಯಂತ ಪ್ರಸಿದ್ಧ ತಲೆಗೂದಲು ಅದೇ ಇರಬೇಕು. ಜೈನ ಯತಿಗಳು ಕೇಶಲೋಚ ಮಾಡಿಕೊಳ್ಳುವವರು, ಕೂದಲನ್ನು ಕೈಯಿಂದಲೇ ಕಿತ್ತು ತೆಗೆಯುವವರು. ಆದರೂ ಶಿಲ್ಪಿ ತನ್ನ ಸಂಪ್ರದಾಯದಂತೆ ಆ ಮಹಾತಪಸ್ವಿಗೆ ಸುರುಳಿಗಳನ್ನು ಕೊಟ್ಟ. ಅಲ್ಲಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ಗುಡಿಯ ಮದನಿಕೆಯರಿದ್ದಾರೆ. ಕನ್ನಡಿ ಹಿಡಿದ ದರ್ಪಣಸುಂದರಿಯನ್ನು ಎಲ್ಲರೂ ಬಲ್ಲರು. ಆದರೆ ಒಟ್ಟಾರೆ ಹೊಯ್ಸಳ ಶಿಲ್ಪಗಳ ಮುಡಿಗಳನ್ನೇ ನೋಡುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಹಿಂದೆ ಎಳೆದು ಬಿಗಿದ ತುರುಬು, ಮುಂದೆ ಹಣೆಯಂಚಿಗೆ ಪುಟ್ಟ ಪುಟ್ಟ ಸುರುಳಿ. ನಮ್ಮ ಹಳೆಯ ಕವಿಗಳಿಗೂ ಎರಡೂ ಬೇಕಿತ್ತು. ಜಡೆ ನೀಳವಾಗಿರಬೇಕು, ಹಣೆಯ ಮೇಲಿನ ಕುರುಳು ದುಂಬಿಗಳ ಸಾಲಿನಂತೆ ಡೊಂಕಾಗಿರಬೇಕು. ಒಂದೇ ಇಕ್ಕಳದಲ್ಲಿ ನೇರವೂ ಸುರುಳಿಯೂ ಬೇಕೆನ್ನುವ ಹುಡುಗಿಯನ್ನು ಬೈಯುವ ಮೊದಲು ಇದನ್ನು ನೆನೆಯಬೇಕು.

ಆದರೆ ನಮ್ಮ ಅಜ್ಜಿಯಂದಿರು ಕೂದಲಿಗೆ ಕಾದ ಕಬ್ಬಿಣ ಹಿಡಿದವರಲ್ಲ. ನಮ್ಮ ಮನೆಗಳಲ್ಲಿ ನಾವು ಕಂಡ ಶಾಖವೆಂದರೆ ಎಣ್ಣೆ-ಸೀಗೆಕಾಯಿಯ ಸ್ನಾನದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬಿದಿರಬುಟ್ಟಿ ಕವುಚಿ, ಅದರ ಮೇಲೆ ಕೂದಲು ಹರಡಿ ಒಣಗಿಸುತ್ತಿದ್ದ ಹೊಗೆಯ ಶಾಖ. ಕೂದಲು ಸುಡುವ ಪ್ರಶ್ನೆಯೇ ಇರಲಿಲ್ಲ. ಗುಂಗುರು ಕೂದಲಿನ ಹುಡುಗಿಯರ ಪಾಡು ಮಾತ್ರ ಆಗಲೂ ಸುಖದ್ದಲ್ಲ. ತಲೆಗೆ ಅರ್ಧ ಬಟ್ಟಲು ಎಣ್ಣೆ ಮೆತ್ತಿ, ಕಣ್ಣು ಮೇಲಕ್ಕೆ ಹೋಗುವಷ್ಟು ಬಿಗಿದು ಎರಡು ಜಡೆ. ಬೇಸಿಗೆಯಲ್ಲಿ ಮೊಗ್ಗಿನ ಜಡೆ ಹಾಕಿಸಿ ಸ್ಟುಡಿಯೋಕ್ಕೆ ಕರೆದೊಯ್ದು, ಹಿಂದೆ ಕನ್ನಡಿಯಿಟ್ಟು ಮುಖವೂ ಜಡೆಯೂ ಕಾಣುವಂತೆ ಫೋಟೋ ತೆಗೆಸುತ್ತಿದ್ದರಲ್ಲ, ಅದು ನಮ್ಮ ಅನೇಕರ ಮನೆಯ ಆಲ್ಬಮ್ಮಿನಲ್ಲಿದೆ. ಆ ಫೋಟೋಗಳಲ್ಲಿ ಒಂದು ಮಗುವೂ ನಗುತ್ತಿರುವುದಿಲ್ಲ. ತಲೆ ಅಷ್ಟು ಭಾರ.

ಕಾದ ಕಬ್ಬಿಣದ ಕಥೆ ಪಶ್ಚಿಮದ್ದು, ಹಳೆಯದು. ರೋಮನರು ಕಲಮಿಸ್ತ್ರಮ್ ಎಂಬ ಲೋಹದ ಸಲಾಕೆಯನ್ನು ಬೂದಿಯಲ್ಲಿ ಕಾಯಿಸಿ ಕೂದಲು ಸುತ್ತುತ್ತಿದ್ದರು. ಬಣ್ಣವೂ ಕಬ್ಬಿಣವೂ ಸೇರಿ ತಲೆಯೇ ಬೋಳಾದ ಪ್ರೇಯಸಿಯನ್ನು ಕುರಿತು ಓವಿಡ್ ಕವಿ ಒಂದು ಇಡೀ ಕವಿತೆ ಬರೆದಿದ್ದಾನೆ. ಹೇಳಿದೆನಲ್ಲ ಎಂಬ ಧಾಟಿ ಅದರದು, ಅವನಿಗೆ ಮನೆಯಲ್ಲಿ ಆಮೇಲೇನಾಯಿತೋ. 1868ರಲ್ಲಿ ಲೂಯಿಸಾ ಮೇ ಆಲ್ಕಾಟ್ ಬರೆದ 'ಲಿಟಲ್ ವಿಮೆನ್' ಕಾದಂಬರಿಯಲ್ಲಿ ಜೋ ತನ್ನ ಅಕ್ಕನ ಮುಂಗುರುಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟುಬಿಡುವ ಸನ್ನಿವೇಶವನ್ನು ಇಲ್ಲಿ ಓದಿದ ನಮ್ಮ ಮಕ್ಕಳೆಲ್ಲ ಬಲ್ಲರು.

ಇಂದಿನ ಇಕ್ಕಳದ ನಿಜವಾದ ಮುತ್ತಜ್ಜ ಬಂದದ್ದು ನಾಲ್ಕೇ ವರ್ಷ ತಡೆದು, 1872ರಲ್ಲಿ. ಫ್ರಾನ್ಸಿನ ಕ್ಷೌರಿಕ ಮಾರ್ಸೆಲ್ ಗ್ರಾಟೋ ಕಾದ ಇಕ್ಕಳದಿಂದ ಕೂದಲಿನಲ್ಲಿ ನೀರಿನ ಅಲೆಯಂಥ ಅಲೆ ಎಬ್ಬಿಸುವುದನ್ನು ಕಂಡುಕೊಂಡ. ಅದು ಮಾರ್ಸೆಲ್ ವೇವ್ ಎಂದು ಹೆಸರಾಗಿ ಅರ್ಧ ಶತಮಾನ ಮೆರೆಯಿತು. ಅವನ ಇಕ್ಕಳಕ್ಕೆ ಒಂದು ಕಡೆ ದುಂಡನೆಯ ಸಲಾಕೆ, ಇನ್ನೊಂದು ಕಡೆ ಅದನ್ನು ತಬ್ಬಿಕೊಳ್ಳುವ ತೋಡು. ಗ್ಯಾಸಿನ ಉರಿಯಲ್ಲಿ ಕಾಯಿಸುವುದು. ಶಾಖ ಅಳೆಯಲು ಥರ್ಮಾಮೀಟರ್ ಇರಲಿಲ್ಲ, ಒಂದು ಕಾಗದದ ಚೂರನ್ನು ಕಚ್ಚಿಸಿ ನೋಡುತ್ತಿದ್ದರು. ಕಾಗದ ಕಂದಿದರೆ ಇನ್ನೂ ಆರಬೇಕು. ನಮ್ಮಲ್ಲಿ ದೋಸೆ ಹೆಂಚಿಗೆ ನೀರು ಚಿಮುಕಿಸಿ ನೋಡುವುದಿಲ್ಲವೇ, ಹಾಗೆ. ಗ್ರಾಟೋನ ಕೈಚಳಕವೆಲ್ಲ ಇದ್ದದ್ದು ಮಣಿಕಟ್ಟಿನಲ್ಲಿ, ಇಕ್ಕಳವನ್ನು ಯಾವಾಗ ಎಷ್ಟು ಹೊರಳಿಸಬೇಕೆಂಬುದರಲ್ಲಿ.

ಈ ಕಥೆಯ ಮುಂದಿನ ಅಧ್ಯಾಯಗಳೆಲ್ಲ ನಮ್ಮ ಈ ನ್ಯೂಯಾರ್ಕ್-ನ್ಯೂಜೆರ್ಸಿ ಸೀಮೆಗೇ ಬಂದು ಸೇರುತ್ತವೆ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕ 1906ರಲ್ಲಿ ಲಂಡನ್ನಿನಲ್ಲಿ ಬಿಸಿಯ ಕೊಳವೆಗಳಿಂದ 'ಶಾಶ್ವತ ಅಲೆ' ತೋರಿಸಿದ. ಪ್ರಯೋಗ ನಡೆದದ್ದು ಹೆಂಡತಿ ಕಾತರಿನಾಳ ತಲೆಯ ಮೇಲೆ. ಮೊದಲೆರಡು ಸಲ ಕೂದಲೆಲ್ಲ ಸುಟ್ಟುಹೋಯಿತು. ಮೂರನೆಯ ಸಲಕ್ಕೂ ಆಕೆ ಕುಳಿತರು. ಚರಿತ್ರೆಯಲ್ಲಿ ಹೆಸರು ಉಳಿದದ್ದು ಗಂಡನದು. ಆತ 1915ರಲ್ಲಿ ನ್ಯೂಯಾರ್ಕಿಗೆ ಬಂದು ದೊಡ್ಡ ಸಲೂನುಗಳನ್ನು ತೆರೆದ, 1951ರಲ್ಲಿ ತೀರಿಕೊಂಡದ್ದು ನಮ್ಮ ಬರ್ಗೆನ್ ಕೌಂಟಿಯ ಹ್ಯಾರಿಂಗ್ಟನ್ ಪಾರ್ಕಿನಲ್ಲಿ.

ಅದಕ್ಕಿಂತ ಮುಖ್ಯವಾದದ್ದು ಕಪ್ಪು ಜನಾಂಗದ ಹೆಂಗಸರ ಕಥೆ. ಹತ್ತಿಯ ಹೊಲದ ಕೂಲಿಗಳ ಮಗಳಾಗಿ 1867ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿದ ಮೇಡಮ್ ಸಿ. ಜೆ. ವಾಕರ್, ಬಟ್ಟೆ ಒಗೆದು ಜೀವನ ಮಾಡುತ್ತಿದ್ದವರು, ಕೂದಲಿನ ಎಣ್ಣೆ-ಮುಲಾಮುಗಳನ್ನು ಮಾರುತ್ತ, ಕಾದ ಬಾಚಣಿಗೆಯನ್ನು ಮನೆಮನೆಗೆ ತಲುಪಿಸುತ್ತ, ಸಾವಿರಾರು ಹೆಂಗಸರಿಗೆ ಉದ್ಯೋಗ ಕೊಟ್ಟು, ಹಡ್ಸನ್ ನದಿಯ ದಂಡೆಯ ಅರ್ವಿಂಗ್ಟನ್ನಿನಲ್ಲಿ 1918ರಲ್ಲಿ ಬಂಗಲೆ ಕಟ್ಟಿಸಿಕೊಂಡರು. ನಮ್ಮದೇ ಅಟ್ಲಾಂಟಿಕ್ ಸಿಟಿಯಲ್ಲಿ ಸಾರಾ ಸ್ಪೆನ್ಸರ್ ವಾಷಿಂಗ್ಟನ್ 1913ರಲ್ಲಿ ಒಂದು ಸಣ್ಣ ಸಲೂನು ತೆರೆದು, ಮುಂದೆ ಏಪೆಕ್ಸ್ ಎಂಬ ಸಂಸ್ಥೆಯನ್ನೂ ಅದರ ಹೆಸರಿನ ಸೌಂದರ್ಯ ವಿದ್ಯಾಲಯಗಳನ್ನೂ ಬೆಳೆಸಿದರು. ಬೋರ್ಡ್‌ವಾಕಿಗೆ ಹೋಗಿ ಸಮುದ್ರ ನೋಡಿ ಬರುವ ನಮ್ಮಲ್ಲಿ ಎಷ್ಟು ಜನಕ್ಕೆ ಆಕೆಯ ಹೆಸರು ಗೊತ್ತು? ಕಾದ ಬಾಚಣಿಗೆಯ ಬಗ್ಗೆ ಆ ಜನಾಂಗದಲ್ಲೇ ಆಗಲೂ ಈಗಲೂ ಜಗಳವಿದೆ. ಬಿಳಿಯರ ಕಣ್ಣಿಗೆ ಒಪ್ಪುವಂತೆ ತಲೆಯನ್ನು ಸುಟ್ಟುಕೊಳ್ಳುವುದು ಎಂಬುದು ಒಂದು ವಾದ. ಕೆಲಸ ಸಿಗಬೇಕು, ಹೊಟ್ಟೆ ತುಂಬಬೇಕು, ನನ್ನ ತಲೆ ನನ್ನಿಷ್ಟ ಎಂಬುದು ಇನ್ನೊಂದು. ಎರಡೂ ವಾದಗಳಲ್ಲಿ ನೋವಿದೆ.

ಇದು ಹಳೆಯ ಕಥೆ ಅಂದುಕೊಳ್ಳಬೇಡಿ. 2018ರ ಡಿಸೆಂಬರ್ 19ರಂದು ದಕ್ಷಿಣ ಜೆರ್ಸಿಯ ಹೈಸ್ಕೂಲ್ ಕುಸ್ತಿ ಪಂದ್ಯವೊಂದರಲ್ಲಿ ರೆಫರಿಯ ಆಜ್ಞೆಯಂತೆ ಒಬ್ಬ ಕಪ್ಪು ಹುಡುಗನ ಜಟೆಗಳನ್ನು ಅಖಾಡದ ಪಕ್ಕದಲ್ಲೇ ಕತ್ತರಿಸಿದರು. ಕತ್ತರಿಸದಿದ್ದರೆ ಪಂದ್ಯ ಬಿಟ್ಟುಕೊಡಬೇಕಿತ್ತು. ಆ ವೀಡಿಯೋ ದೇಶವೆಲ್ಲ ನೋಡಿತು. ಸರಿಯಾಗಿ ಒಂದು ವರ್ಷದ ದಿನ, 2019ರ ಡಿಸೆಂಬರ್ 19ರಂದು, ಆಗಿನ ಗವರ್ನರ್ ಫಿಲ್ ಮರ್ಫಿ ಕ್ರೌನ್ ಕಾಯ್ದೆಗೆ ಸಹಿ ಹಾಕಿದರು. ಜನಾಂಗದ ಜೊತೆ ಬಂದ ಕೂದಲಿನ ಸ್ವಭಾವ, ಜಡೆ, ಜಟೆ, ಸುರುಳಿಗಳ ಕಾರಣಕ್ಕೆ ಕೆಲಸದಲ್ಲಾಗಲಿ ಶಾಲೆಯಲ್ಲಾಗಲಿ ತಾರತಮ್ಯ ಮಾಡುವಂತಿಲ್ಲ ಎಂಬುದು ಅದರ ತಿರುಳು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಬಿಟ್ಟರೆ ಮೂರನೆಯ ರಾಜ್ಯ ನಮ್ಮದು. ಇದನ್ನು ಮಹಡಿಯ ಹುಡುಗಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾನೂನು ಇರಬಹುದು ಅಂಕಲ್, ಇಂಟರ್‌ವ್ಯೂ ಮಾಡೋರ ಮುಖ ನಾನು ನೋಡಬೇಕಲ್ಲ" ಎಂದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಇನ್ನು ವಿಜ್ಞಾನ. ನಮ್ಮ ಕೂಟದಲ್ಲಿ ನಿವೃತ್ತ ಕೆಮಿಸ್ಟ್ ಒಬ್ಬರಿದ್ದಾರೆ. ಸಾಹಿತ್ಯದ ಚರ್ಚೆಯಲ್ಲಿ ಸಾಮಾನ್ಯವಾಗಿ ಕಣ್ಣು ಮುಚ್ಚಿಕೊಂಡೇ ಕೇಳುವವರು. ಅವತ್ತು ಅವರು ಎದ್ದು ಕುಳಿತರು. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಎರಡು ಬಗೆಯ ಕಟ್ಟುಗಳು ಮುಖ್ಯವಾಗಿ ಹಿಡಿದಿಟ್ಟಿವೆ. ಗಂಧಕದ ಕಟ್ಟು ಗಟ್ಟಿ, ರಾಸಾಯನಿಕ ಹಾಕದೆ ಸಡಿಲವಾಗುವುದಿಲ್ಲ. ಪಾರ್ಲರಿನ 'ಪರ್ಮ್' ಮುಟ್ಟುವುದು ಅದನ್ನು. ಜಲಜನಕದ ಕಟ್ಟು ದುರ್ಬಲ, ನೀರಿಗೂ ಶಾಖಕ್ಕೂ ಬಿಚ್ಚಿಕೊಳ್ಳುತ್ತದೆ, ಆರಿದಾಗ ಆ ಹೊಸ ಆಕಾರದಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಇಕ್ಕಳದ ಆಟವೆಲ್ಲ ಇದರ ಜೊತೆ. ಹತ್ತಿ ಅಂಗಿಗೆ ಇಸ್ತ್ರಿ ಹಾಕಿದ ಹಾಗೇ ಅನ್ನಿ. ಆದ್ದರಿಂದಲೇ ಜುಲೈ ತಿಂಗಳ ಜೆರ್ಸಿಯ ಸೆಕೆಯಲ್ಲಿ ಬೆಳಿಗ್ಗೆ ನೇರವಾದದ್ದು ಮಧ್ಯಾಹ್ನದ ಹೊತ್ತಿಗೆ ತನ್ನ ಮೂಲಧರ್ಮಕ್ಕೆ ಮರಳುತ್ತದೆ.

ಒದ್ದೆ ಕೂದಲಿಗೆ ಕಾದ ಇಕ್ಕಳ ಹಿಡಿದರೆ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿಯಿಲ್ಲದೆ, ಕೂದಲಿನೊಳಗೇ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಎದ್ದಲ್ಲಿ ಕೂದಲು ಮುರಿಯುತ್ತದೆ. ಚರ್ಮವೈದ್ಯರು 1986ರಲ್ಲಿ ಇದನ್ನು ಗುರುತಿಸಿ 'ಬಬಲ್ ಹೇರ್' ಎಂದು ಹೆಸರಿಟ್ಟರು. ಮಹಡಿಯಿಂದ ಬಂದ ಚಿಟಪಟ ಸದ್ದು ಅದರದೇ ಇರಬೇಕು.

ಕೂದಲಿನ ಶಾಖದ ಈ ವಿದ್ಯೆಯಲ್ಲೂ ನಮ್ಮ ರಾಜ್ಯದ ಕೈ ದೊಡ್ಡದು. ಇಕ್ಕಳದ ಶಾಖ ಕೂದಲಿನ ಪ್ರೋಟೀನನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಅಳೆದು 1998ರಲ್ಲಿ ಪ್ರಕಟಿಸಿದ ಮೆಕ್‌ಮಲನ್ ಮತ್ತು ಯಾಕೋವಿಚ್ ಕೆಲಸ ಮಾಡುತ್ತಿದ್ದದ್ದು ವೇಯ್ನ್ ಊರಿನ ಪ್ರಯೋಗಾಲಯದಲ್ಲಿ. ಸುಮಾರು 130ರಿಂದ 160 ಡಿಗ್ರಿ ಸೆಲ್ಸಿಯಸ್ಸಿನಲ್ಲೇ, ಬಹಳ ಹೊತ್ತು ಹಿಡಿದರೆ, ಕೂದಲಿನ ಟ್ರಿಪ್ಟೊಫಾನ್ ಕೊಳೆಯಲು ತೊಡಗುವುದನ್ನು ಅವರು ತೋರಿಸಿದರು. ಪ್ರಿನ್ಸ್‌ಟನ್ನಿನ ಟೆಕ್ಸ್‌ಟೈಲ್ ಸಂಶೋಧನಾ ಸಂಸ್ಥೆ ಉಣ್ಣೆ-ನೂಲಿನ ಜೊತೆ ಮನುಷ್ಯರ ಕೂದಲನ್ನೂ ದಶಕಗಳ ಕಾಲ ಪರೀಕ್ಷಿಸಿದೆ. ನಮ್ಮ ಬ್ರಿಡ್ಜ್‌ವಾಟರಿನಲ್ಲೇ ಫಿಂಡರ್ನ್ ಅವೆನ್ಯೂದಲ್ಲಿ ನ್ಯಾಷನಲ್ ಸ್ಟಾರ್ಚ್ ಕಂಪನಿಯ ಮುಖ್ಯ ಕಚೇರಿ ಇತ್ತು. ಹೆಸರು ನೋಡಿ ಗಂಜಿಯ ಕಂಪನಿ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕೂದಲನ್ನು ಹಾಗೇ ನಿಲ್ಲಿಸುವ ಆಂಫೋಮರ್ ಎಂಬ ಅಂಟು, ಹೇರ್‌ಸ್ಪ್ರೇ ಡಬ್ಬಿಗಳ ಒಳಗಿನದು, ಈ ಕಂಪನಿಯ ಸೃಷ್ಟಿ. 1997ರಲ್ಲಿ ಐಸಿಐ, 2008ರಲ್ಲಿ ಆಕ್ಜೊನೊಬೆಲ್ ಎಂದು ಒಡೆತನ ಕೈ ಬದಲಾಯಿಸುತ್ತ ಹೋಯಿತು. ವೆಂಕಟೇಶ್ವರನ ಗುಡಿಗೆ ಹೋಗುವಾಗ ಆ ಕಡೆ ಎಷ್ಟು ಸಲ ಹಾದಿದ್ದೇವೋ!

ಪಕ್ಕದ ಮ್ಯಾನ್‌ವಿಲ್ ಊರಿಗೂ ಈ ಕಥೆಯಲ್ಲಿ ಒಂದು ಕಹಿ ಪಾಲಿದೆ. ಊರಿನ ಹೆಸರೇ ಜಾನ್ಸ್-ಮ್ಯಾನ್‌ವಿಲ್ ಎಂಬ ಆಸ್ಬೆಸ್ಟಸ್ ಕಂಪನಿಯದು. ಬೆಂಕಿಗೆ ಬಗ್ಗದ ಆ ನಾರನ್ನು ಒಂದು ಕಾಲದಲ್ಲಿ ಹೇರ್‌ಡ್ರೈಯರುಗಳ ಒಳಗೂ ಹಾಕುತ್ತಿದ್ದರು. ಗಾಳಿಯ ಜೊತೆ ನಾರಿನ ಪುಡಿ ಮುಖಕ್ಕೇ ಬರುತ್ತದೆಂದು ತಿಳಿದು 1979ರಲ್ಲಿ ದೇಶವೇ ಗಾಬರಿಯಾಯಿತು, ಅಂಥ ಡ್ರೈಯರುಗಳು ಮಾರುಕಟ್ಟೆಯಿಂದ ಹೊರಟವು. ಅದೇ ನಾರಿನ ಮೊಕದ್ದಮೆಗಳ ಭಾರಕ್ಕೆ ಕಂಪನಿ 1982ರಲ್ಲಿ ದಿವಾಳಿ ಅರ್ಜಿ ಹಾಕಿತು.

ಗುಡಿಯ ಮಾತು ಬಂತಲ್ಲ. ಬ್ರಿಡ್ಜ್‌ವಾಟರಿನ ಬಾಲಾಜಿ ಮಂದಿರ ಶುರುವಾದದ್ದು 1998ರಲ್ಲಿ. ಮುಡಿಯ ಹರಕೆಗೆ ಮಾತ್ರ ನಮ್ಮವರು ಈಗಲೂ ತಿರುಮಲೆಗೇ ಹೋಗುತ್ತಾರೆ. ಅಲ್ಲಿ ಕೊಟ್ಟ ಮುಡಿ ಹರಾಜಾಗಿ, ಹಡಗೇರಿ, ಎಲ್ಲಿಗೆ ಬರುತ್ತದೆ? 2004ರ ಮೇ ತಿಂಗಳಲ್ಲಿ ಬ್ರೂಕ್ಲಿನ್ನಿನ ಬೀದಿಗಳಲ್ಲಿ ಯಹೂದಿ ಹೆಂಗಸರು ದುಬಾರಿ ವಿಗ್ಗುಗಳನ್ನು ಬೆಂಕಿಗೆ ಹಾಕಿದರು. ಆ ವಿಗ್ಗುಗಳ ಕೂದಲು ತಿರುಮಲೆಯದು, ವಿಗ್ರಹಾರಾಧನೆಗೆ ಸಂಬಂಧಿಸಿದ್ದು, ಮದುವೆಯಾದ ಹೆಂಗಸರು ಧರಿಸಬಾರದು ಎಂದು ಜೆರುಸಲೇಮಿನ ರಬ್ಬಿ ಎಲ್ಯಾಶಿವ್ ತೀರ್ಪು ಕೊಟ್ಟಿದ್ದರು. ನಮ್ಮೂರ ಯಾವುದೋ ತಾಯಿ ಮಗುವಿಗೆ ಜ್ವರ ಬಿಡಲೆಂದು ಹರಕೆ ಹೊತ್ತು ಕೊಟ್ಟ ಜಡೆ, ಇನ್ನೊಂದು ಧರ್ಮದ ಇನ್ನೊಬ್ಬ ತಾಯಿಯ ಶ್ರದ್ಧೆಗೆ ತೊಡಕಾಗಿ ವಿಲಿಯಮ್ಸ್‌ಬರ್ಗಿನಲ್ಲಿ ಉರಿಯಿತು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ.

ಕೊಪ್ಪಳದ ಪಕ್ಕದ ಭಾಗ್ಯನಗರವನ್ನೂ ಇಲ್ಲೇ ಹೇಳಿಬಿಡಬೇಕು. ಬಾಚುವಾಗ ಉದುರಿದ ಕೂದಲನ್ನು ಉಂಡೆ ಕಟ್ಟಿ ಗೋಡೆಯ ಸಂದಿಗೆ ಸಿಕ್ಕಿಸಿಟ್ಟು, ಬೀದಿಯಲ್ಲಿ ಕೂಗಿಕೊಂಡು ಬರುವವನಿಗೆ ಕೊಟ್ಟು ಪಿನ್ನೋ ಪಾತ್ರೆಯೋ ಪಡೆದ ನೆನಪು ನಮ್ಮಲ್ಲಿ ಅನೇಕರಿಗಿದೆ. ಆ ಚಿಕ್ಕು ಕೂದಲು ಹೋಗಿ ಸೇರುವ ದೊಡ್ಡ ಪೇಟೆಗಳಲ್ಲಿ ಭಾಗ್ಯನಗರ ಒಂದು. ಅಲ್ಲಿ ಹೆಂಗಸರು ಕುಳಿತು ಗಂಟು ಬಿಡಿಸಿ, ಉದ್ದದ ಪ್ರಕಾರ ಬೇರ್ಪಡಿಸಿ, ಕಟ್ಟು ಕಟ್ಟುತ್ತಾರೆ. ಬಹುಪಾಲು ಚೀನಾದ ಕಡೆ ಹೋಗಿ ವಿಗ್ಗೂ ಜೋಡಣೆ ಕೂದಲೂ ಆಗುತ್ತದೆ. ಕೂದಲು ಕಚ್ಚಾ ಸ್ಥಿತಿಯಲ್ಲೇ ಹೊರಗೆ ಹೋಗಿ ಕೆಲಸ ತಪ್ಪುತ್ತಿದೆ ಎಂಬ ದೂರು ಹೆಚ್ಚಿ, 2022ರ ಜನವರಿಯಲ್ಲಿ ಭಾರತ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಇಲ್ಲಿನ ಮಾಲುಗಳಲ್ಲಿ ತೂಗುವ ಜೋಡಣೆ ಕೂದಲನ್ನು ಇಕ್ಕಳದಲ್ಲಿ ಸುರುಳಿ ಮಾಡಿ ತೋರಿಸುತ್ತಾರಲ್ಲ, ಅದರಲ್ಲಿ ಕೊಪ್ಪಳದ ಒಂದೆಳೆ ಇದ್ದರೂ ಆಶ್ಚರ್ಯವಿಲ್ಲ.

ಸರಿ, ಇಕ್ಕಳ ಕೊಳ್ಳುವ ಪ್ರಶ್ನೆ. ಎರಡೂ ಕೆಲಸಕ್ಕೆ ಒಂದೇ ಸಾಕು, ಆದರೆ ಆಕಾರ ನೋಡಬೇಕು. ಎರಡು ಹಲಗೆಗಳ ನಡುವೆ ಕೂದಲು ಹಿಡಿದು ನೇರ ಎಳೆದರೆ ನೇರವಾಗುತ್ತದೆ. ಹಿಡಿದು ಅರ್ಧ ಸುತ್ತು ಹೊರಳಿಸಿ ಎಳೆದರೆ ಹೊರಮೈಯ ಮೇಲೆ ಬಾಗಿ ಸುರುಳಿಯಾಗುತ್ತದೆ. ಉಡುಗೊರೆಯ ರಿಬ್ಬನ್ನನ್ನು ಕತ್ತರಿಯ ಅಂಚಿಗೆ ಎಳೆದು ಸುರುಳಿ ಮಾಡುವಂತೆ. ಹಾಗಾಗಿ ಹೊರಮೈ ದುಂಡಗಿರಬೇಕು, ಅಂಚು ಚೂಪಾಗಿದ್ದರೆ ಗೆರೆ ಬೀಳುತ್ತದೆ. ಹಲಗೆಯ ಅಗಲ ಒಂದು ಇಂಚಿನಷ್ಟು ಸಾಕು. ಎರಡು ಇಂಚಿನದರಲ್ಲಿ ಸುರುಳಿ ಹೊರಳುವುದಿಲ್ಲ. ಸೆರಾಮಿಕ್ ಹಲಗೆಯಲ್ಲಿ ಶಾಖ ಸಮನಾಗಿ ಹರಡುತ್ತದೆ. ಟೈಟೇನಿಯಂ ಬೇಗ ಕಾಯುತ್ತದೆ, ಪಳಗಿದ ಕೈಗೆ ಸರಿ. ಎಲ್ಲಕ್ಕಿಂತ ಮುಖ್ಯ, ಶಾಖವನ್ನು ಅಂಕಿಯಲ್ಲಿ ತೋರಿಸುವಂಥದ್ದು ಬೇಕು. ತೆಳು ಕೂದಲಿಗೆ 300 ಫ್ಯಾರನ್‌ಹೀಟ್, ಸಾಧಾರಣಕ್ಕೆ 350, ದಪ್ಪಕ್ಕೆ ಹೆಚ್ಚೆಂದರೆ 400. ಕೊನೆಯ 450 ಎಂದರೆ 232 ಡಿಗ್ರಿ ಸೆಲ್ಸಿಯಸ್. ಆ ಹೊತ್ತಿಗೆ ಕೆರಾಟಿನ್ನಿನ ಕಟ್ಟಡವೇ ಕುಸಿಯತೊಡಗುತ್ತದೆ. ಅಜ್ಜಿ ಹುರಿಗಡಲೆಗೂ ಅಷ್ಟು ಶಾಖ ಕೊಡುವುದಿಲ್ಲವಂತೆ.

ಊರಿಗೆ ಒಯ್ಯುವವರಿಗೆ ಇನ್ನೊಂದು ಮಾತು. ಇಲ್ಲಿಯದು 120 ವೋಲ್ಟು, ಅಲ್ಲಿಯದು 230. ಹಿಡಿಯ ಮೇಲೆ '100–240' ಎಂದು ಬರೆದಿಲ್ಲದ ಇಕ್ಕಳವನ್ನು ಅಲ್ಲಿ ಸಿಕ್ಕಿಸಿದರೆ ಮೂರೂವರೆ ಪಟ್ಟಿಗಿಂತ ಹೆಚ್ಚು ವಿದ್ಯುತ್ತು ನುಗ್ಗುತ್ತದೆ. ನಮ್ಮ ಸದಸ್ಯೆಯೊಬ್ಬರು ಬಸವನಗುಡಿಯ ಛತ್ರದಲ್ಲಿ, ತಂಗಿಯ ಮದುವೆಯ ಧಾರೆಗೆ ಅರ್ಧ ಗಂಟೆ ಮುಂಚೆ, ಇದನ್ನು ಸ್ವಂತ ತಲೆಯ ಮೇಲೆ ಪ್ರಯೋಗ ಮಾಡಿ ತಿಳಿದರು. ಆ ಮದುವೆಯ ಎಲ್ಲ ಫೋಟೋಗಳಲ್ಲೂ ಅವರ ಬಲಗಡೆ ಒಂದು ದೊಡ್ಡ ಮಲ್ಲಿಗೆ ದಂಡೆ ಇದೆ.

ಹುಡುಗಿ ಸುಟ್ಟ ಮೂರು ಇಂಚನ್ನು ಕತ್ತರಿಸಿಕೊಂಡಳು. ಸಂದರ್ಶನದ ಹಿಂದಿನ ರಾತ್ರಿ ಅಜ್ಜಿ ಎಣ್ಣೆ ಹಚ್ಚಿದರು, ಬೆಳಿಗ್ಗೆ ತೊಳೆದು ಪೂರ್ತಿ ಒಣಗಿಸಿ, 320ಕ್ಕೆ ಇಟ್ಟು, ಹಣೆಯ ಮುಂದಿನ ನಾಲ್ಕು ಎಳೆಗಳನ್ನು ಮಾತ್ರ ಹದ ಮಾಡಿಕೊಂಡು, ಉಳಿದದ್ದನ್ನು ತಾತ ಕೊಟ್ಟ ಹಾಗೇ ಬಿಟ್ಟು ಹೋದಳಂತೆ. ಫಲಿತಾಂಶ ಈ ಪತ್ರ ಕಳಿಸುವ ಹೊತ್ತಿಗೆ ಬಂದಿಲ್ಲ.

ಗದಾಯುದ್ಧದ ಓದು ಮುಂದಿನ ಕೂಟದಲ್ಲಿ ಮುಂದುವರಿಯುತ್ತದೆ. ಪುಸ್ತಕ ತಪ್ಪದೆ ತನ್ನಿ. ಭೀಮ ಇನ್ನೂ ಮುಡಿ ಕಟ್ಟಿಲ್ಲ.